ಅವನು ಕತ್ತರಿಸುತ್ತಿದ್ದ, ನಾನು ಮಾತಾಡುತ್ತಿದ್ದೆ

ಫೆಬ್ರವರಿ ೪, ಮಂಗಳವಾರ

ದಿನಚರಿ ಬರೆಯಿರಿ ಎಂದು ಟೀಚರಮ್ಮನ ಅಪ್ಪಣೆ. ಅದೂ ಸ್ಪ್ಯಾನಿಷ್‌ನಲ್ಲಿ. ನನಗೆ ಬರುವ ಸ್ಪ್ಯಾನಿಷ್‌ನಲ್ಲಿ ಬರೆದರೆ "ನಾನು ಬ್ರೆಡ್ಡು ತಿನ್ನುತ್ತೇನೆ, ಬೆಕ್ಕು ಹಾಲು ಕುಡಿಯುತ್ತದೆ" ಎಂಬಲ್ಲಿಗೆ ಅರವತ್ತಮೂರು ವರ್ಷದ ಬದುಕು ಮುಗಿದುಹೋಗುತ್ತದೆ. ನಮ್ಮ ಮನೆಯಲ್ಲಿ ಬೆಕ್ಕೂ ಇಲ್ಲ. ಆದ್ದರಿಂದ ಅವಳಿಗೆ ತೋರಿಸಲು ಆ ಭಾಷೆಯಲ್ಲಿ ಒಂದು ಪುಟ, ನನಗಾಗಿ ಇದು. ಬರೆಯುತ್ತಿರುವುದು ಅಂಗಡಿಯ ಖಾಲಿ ಅಳತೆ ಪುಸ್ತಕದಲ್ಲಿ. ಪುಟಕ್ಕೆ ಎರಡು ಅಂಕಣ. ಎಡಕ್ಕೆ ನಾನು ಟೇಪು ಹಿಡಿದು ಕೂಗುವ ಅಂಕಿ, ಬಲಕ್ಕೆ ಕತ್ತರಿ ಗೀಚಿಕೊಳ್ಳುವ ಅವನದೇ ಏನೋ.

ಕತ್ತರಿ ಎಂದರೆ ಆಯುಧವಲ್ಲ, ಮನುಷ್ಯ. ಹೆತ್ತವರಿಟ್ಟ ಹೆಸರೊಂದಿದೆ, ಆದರೆ ಬೀದಿಯಲ್ಲಿ ಯಾರನ್ನು ಕೇಳಿದರೂ ಕತ್ತರಿಯೇ. ನಮ್ಮ ಹೊಲಿಗೆ ಅಂಗಡಿಗೆ ಮೂವತ್ತೊಂದು ವರ್ಷ. ಮುಂದುಗಡೆ ನಾನು: ಗಿರಾಕಿ, ಟೇಪು, ಬಾಯಿ. ಪರದೆಯ ಹಿಂದೆ ಅವನು: ಮೇಜು, ಸೀಮೆಸುಣ್ಣ, ಬಟ್ಟೆ. ಸಮುದ್ರ ದಾಟಿ ಬಂದವನು ನಮ್ಮ ಭಾಷೆ ಕಲಿತ, ಆದರೆ ಬಳಸಲಿಲ್ಲ. ದಿನಕ್ಕೆ ಹತ್ತು ಮಾತು, ಅದರಲ್ಲಿ ಆರು "ಹ್ಞೂ". ಮಿಕ್ಕಿದ್ದನ್ನೆಲ್ಲ ಅವನ ಪಾಲಿಗೂ ಸೇರಿಸಿ ನಾನೇ ಆಡುತ್ತಿದ್ದೆ.

ಕಳೆದ ಅಕ್ಟೋಬರಿನಲ್ಲಿ ಲಕ್ವ ಹೊಡೆದು ಮೇಜಿನ ಪಕ್ಕದಲ್ಲೇ ಕುಸಿದ. ಬಲಗೈ ಅರ್ಧ ಹೋಯಿತು, ನಮ್ಮ ಭಾಷೆ ಪೂರ್ತಿ ಹೋಯಿತು. ನಾವು ಆಡಿದ್ದು ನಿಧಾನವಾಗಿ ತಿಳಿಯುತ್ತದೆ, ಆದರೆ ಬಾಯಿಗೆ ಬರುವುದು ಹುಟ್ಟಿದ ಮನೆಯ ಸ್ಪ್ಯಾನಿಷ್ ಒಂದೇ. "ಹೀಗೂ ಆಗೋದುಂಟು" ಎಂದರು ಡಾಕ್ಟರು, ಮಳೆ ಬರಬಹುದು ಎಂಬಂತೆ. ಅಂಗಡಿಯ ಮೇಲಿನ ಕೋಣೆಯಲ್ಲಿ ಅವನಿದ್ದಾನೆ, ನಾನೂ ಸೊಸೆಯೂ ನೋಡಿಕೊಳ್ಳುತ್ತೇವೆ. ನವೆಂಬರಿನಿಂದ ನಾನು ಲೈಬ್ರರಿಯ ಮೂಲೆಕೋಣೆಯಲ್ಲಿ ಮೊಮ್ಮಕ್ಕಳ ವಯಸ್ಸಿನವರ ಜೊತೆ ಬೆಂಚಿನ ಮೇಲೆ ಕೂತು ಬ್ರೆಡ್ಡು ತಿನ್ನುತ್ತೇನೆ, ತಿನ್ನುತ್ತೀಯೆ, ತಿನ್ನುತ್ತಾಳೆ ಎನ್ನುತ್ತಿದ್ದೇನೆ.

ಮೊನ್ನೆ ಭಾನುವಾರ ಅವನ ತಮ್ಮನ ಮಗಳು ಫೋನು ಮಾಡಿದಳು. ಬಸ್ಸಿನಲ್ಲಿ ಎಂಟು ಗಂಟೆಯ ಹಾದಿ ಅವಳ ಊರು. ಅಲ್ಲಿ ವಯಸ್ಸಾದವರಿಗೊಂದು ಮನೆಯಿದೆಯಂತೆ, ಅವನ ಭಾಷೆಯವರೇ ಆರು ಜನ ಇದ್ದಾರಂತೆ.

"ಏಪ್ರಿಲ್ ಮೊದಲ ಭಾನುವಾರ ಬರ್ತೀನಿ ಆಂಟಿ. ದೊಡ್ಡಪ್ಪನ್ನ ಕರ್ಕೊಂಡು ಹೋಗ್ತೀನಿ. ಅಲ್ಲಿ ಮಾತಿಗೆ ಜನ ಸಿಗ್ತಾರೆ."

"ಮಾತಿಗೆ ನಾನಿಲ್ವೇನಮ್ಮ? ಮಾತಾಡೋದನ್ನ ನನಗೆ ಹೇಳ್ಕೊಡಬೇಕಾ?"

"ನೀವು ಮಾತಾಡ್ತೀರಿ ಆಂಟಿ. ಅವರು ಮಾತಾಡಬೇಕಲ್ಲ."

ಬಾಯಿದ್ದವಳು ಬರಗಾಲದಲ್ಲೂ ಬದುಕುತ್ತಾಳೆ ಎಂದು ನಂಬಿದವಳು ನಾನು. ಅವತ್ತು ಫೋನಿನಲ್ಲಿ ಉತ್ತರ ಹೊಳೆಯಲಿಲ್ಲ. ಇದು ಮೊದಲ ಸಲ, ಆದ್ದರಿಂದ ದಾಖಲಿಸಿದ್ದೇನೆ. ಇರುವುದು ಒಂಬತ್ತು ವಾರ.

ಇವತ್ತು ಕ್ಲಾಸಿನಲ್ಲಿ ಹೊಸ ಕಾಲ ಶುರು. ಅಪೂರ್ಣ ಭೂತಕಾಲ. "ಮುಗಿಸಿ ಬಾಗಿಲು ಹಾಕಿದ ಕೆಲಸಕ್ಕಲ್ಲಮ್ಮ ಇದು," ಎಂದಳು ಟೀಚರಮ್ಮ. "ಆಗ ನಡೀತಾ ಇತ್ತಲ್ಲ, ದಿನಾ ಮಾಡ್ತಿದ್ವಲ್ಲ, ಅದಕ್ಕೆ." ಕತ್ತರಿ ಕಿಟಕಿಯ ಹತ್ತಿರ ಕೂತು ಆಗಾಗ "ಕೊಸೀಯಾ" ಎನ್ನುತ್ತಿರುತ್ತಾನೆ, ಹಾಗೆಂದರೇನು ಎಂದು ಕೇಳಿದೆ. ಅವಳ ಕಣ್ಣು ಅರಳಿತು. "ಇದೇ ಕಾಲ! ಹೊಲಿಯುತ್ತಿದ್ದಳು ಅಂತ. ಯಾರು ಅಂತ ನೀವು ಅವರನ್ನ ಕೇಳಬೇಕು."

ಮೂರು ತಿಂಗಳು ನಾನು ಅವನಿಗೆ ಬ್ರೆಡ್ಡು ತಿನ್ನಿಸುತ್ತಿದ್ದೆ. ಅವನು ಬೇರೆ ಕಾಲದಲ್ಲಿ ಇದ್ದ.

ಫೆಬ್ರವರಿ ೭, ಶುಕ್ರವಾರ

ಇದರಲ್ಲೇನೂ ಬ್ರಹ್ಮವಿದ್ಯೆಯಿಲ್ಲ. ಕ್ರಿಯಾಪದ ಎಂದರೆ ಪ್ಯಾಂಟಿನ ಕಾಲು. ತುದಿಯ ಮಡಿಕೆ ಬಿಚ್ಚು, ಹೊಸ ಮಡಿಕೆ ಹೊಲಿ. ಕೊರ್ತಾರ್ ಎಂದರೆ ಕತ್ತರಿಸುವುದು. ತುದಿಯ "ಆರ್" ಬಿಚ್ಚಿ "ಆಬಾ" ಹೊಲಿದರೆ ಕೊರ್ತಾಬಾ, ಕತ್ತರಿಸುತ್ತಿದ್ದ. ಆಬ್ಲಾರ್ ಎಂದರೆ ಮಾತಾಡುವುದು, ಆಬ್ಲಾಬಾ, ಮಾತಾಡುತ್ತಿದ್ದಳು. ತುದಿಯಲ್ಲಿ "ಏರ್" ಅಥವಾ "ಈರ್" ಇರುವ ಬಟ್ಟೆಗೆ ಬೇರೆ ಅಂಚು, "ಈಯಾ". ಕೊಸೇರ್, ಕೊಸೀಯಾ. ಬಿಬೀರ್ ಎಂದರೆ ಬದುಕುವುದು, ಬಿಬೀಯಾ, ಬದುಕುತ್ತಿದ್ದ. ಇಡೀ ಭಾಷೆಗೆ ಎರಡೇ ಅಂಚು. ಈ ಕಾಲದಲ್ಲಿ ನಿಯಮಕ್ಕೆ ಬಗ್ಗದ ಪುಂಡರು ಬರೀ ಮೂರು ಪದಗಳಂತೆ. ತಕರಾರಿನ ಗಿರಾಕಿಗಳು ಮೂವರೇ ಇರುವ ಅಂಗಡಿ ಸಿಕ್ಕರೆ ನಾನು ನಾಳೆಯೇ ಹೋಗಿ ಸೇರುತ್ತೇನೆ.

ಒಂದು ಕಡೆ ಮಾತ್ರ ಕೆಲಸಗಳ್ಳತನ ಕಂಡೆ. "ನಾನು" ಎಂಬುದಕ್ಕೂ "ಅವನು, ಅವಳು" ಎಂಬುದಕ್ಕೂ ಒಂದೇ ಮಡಿಕೆ. ಆಬ್ಲಾಬಾ ಎಂದರೆ ನಾನೂ ಮಾತಾಡುತ್ತಿದ್ದೆ, ಅವಳೂ ಮಾತಾಡುತ್ತಿದ್ದಳು. "ಹೀಗಾದ್ರೆ ಯಾರು ಮಾತಾಡಿದ್ದು ಅಂತ ಗೊತ್ತಾಗೋದು ಹೇಗೆ?" ಎಂದು ಟೀಚರಮ್ಮನನ್ನು ದಬಾಯಿಸಿದೆ. ಹಿಂದಿನ ಬೆಂಚಿನವನೊಬ್ಬ "ನಿಮ್ಮ ವಿಷಯದಲ್ಲಿ ಆ ಅನುಮಾನವೇ ಬರಲ್ಲ ಬಿಡಿ" ಎಂದ. ಚೂಟಿ ಹುಡುಗ. ಅವನ ಪ್ಯಾಂಟಿನ ಅಂಚು ಬಿಚ್ಚಿತ್ತು, ಹೇಳಲಿಲ್ಲ.

ಫೆಬ್ರವರಿ ೯, ಭಾನುವಾರ

ನಲವತ್ತು ವಾಕ್ಯ ಬರೆದುಕೊಂಡು ಬೆಳಿಗ್ಗೆಯೇ ಮೇಲೆ ಹೋದೆ. ನಾನು ಗುಂಡಿ ಹಚ್ಚುತ್ತಿದ್ದೆ, ನೀನು ಕತ್ತರಿಸುತ್ತಿದ್ದೆ, ನಾವು ಚಹಾ ಕುಡಿಯುತ್ತಿದ್ದೆವು, ಗಿರಾಕಿಗಳು ಬೈಯುತ್ತಿದ್ದರು. ಒಂದೇ ಉಸಿರಿನಲ್ಲಿ ಓದಿದೆ, ನಡುವೆ ನಮ್ಮ ಭಾಷೆಯಲ್ಲಿ ಟಿಪ್ಪಣಿಯನ್ನೂ ಸೇರಿಸಿದೆ. ಹನ್ನೆರಡನೆಯ ವಾಕ್ಯಕ್ಕೆ ಅವನು ಬಾಯಿ ತೆರೆದ. ಹದಿಮೂರನೆಯದನ್ನು ಓದುತ್ತಿದ್ದೆನಾದ್ದರಿಂದ ನಿಲ್ಲಲಾಗಲಿಲ್ಲ. ಇಪ್ಪತ್ತಾರಕ್ಕೆ ಗೋಡೆಯ ಕಡೆ ತಿರುಗಿ ಮಲಗಿದ.

ನಲವತ್ತನ್ನೂ ಮುಗಿಸಿದೆ. ಹಿಡಿದ ಕೆಲಸ ಅರ್ಧಕ್ಕೆ ಬಿಟ್ಟವಳಲ್ಲ.

ಮಾತಿನ ಲೆಕ್ಕ: ನಾನು ಸುಮಾರು ಏಳುನೂರು. ಅವನು ಸೊನ್ನೆ.

ಫೆಬ್ರವರಿ ೧೪, ಶುಕ್ರವಾರ

ಅಂಗಡಿಯಲ್ಲಿ ಮತ್ತೊಂದು ಪ್ಯಾಂಟು ವಾಪಸ್ಸು. ಅಕ್ಟೋಬರಿನಿಂದ ಇದು ಹದಿನೇಳನೆಯದು. ಎಲ್ಲದಕ್ಕೂ ಒಂದೇ ದೂರು, ಸೊಂಟ ಬಿಗಿ. ಈಗ ಕತ್ತರಿಸುವುದು ಸೊಸೆ. ಮೂರು ವರ್ಷ ಕತ್ತರಿಯ ಪಕ್ಕದಲ್ಲಿ ನಿಂತು ಕಲಿತವಳು, ಕೈ ಚೊಕ್ಕ.

"ನೀವು ಕೂಗಿದ ಅಂಕಿಗೆ ಕೂದಲೆಳೆ ಆಚೀಚೆ ಆಗದ ಹಾಗೆ ಕತ್ತರಿಸಿದ್ದೀನಿ ಅತ್ತೆ. ನಿಮ್ಮ ಟೇಪೇ ಡೊಂಕು."

"ಕುಣಿಯೋಕೆ ಬಾರದವಳು ನೆಲ ಡೊಂಕು ಅಂದ್ಲಂತೆ."

"ನಾನೆಲ್ಲಿ ಕುಣಿದೆ? ಕುಣಿದವರು ಗಿರಾಕಿ. ಕೂತರೆ ಗುಂಡಿ ಹಾರುತ್ತೆ ಅಂತ ನಿಂತೇ ಇದ್ದಾರೆ ಪಾಪ."

ನನ್ನ ಟೇಪು ಡೊಂಕಲ್ಲ. ಈ ವಿಷಯಕ್ಕೆ ಕತ್ತರಿಗೂ ನನಗೂ ಮೂವತ್ತೊಂದು ವರ್ಷದ ಜಗಳ. ನಾನು ಮೂವತ್ತನಾಲ್ಕು ಎಂದು ಕೂಗಿದರೆ ಅವನು ಮೂವತ್ತೈದಕ್ಕೆ ಕತ್ತರಿಸುತ್ತಿದ್ದ, ಕೆಲವೊಮ್ಮೆ ಮೂವತ್ತೈದೂವರೆಗೆ. ಕೇಳಿದರೆ "ಹ್ಞೂ". ಒಮ್ಮೆ ಇಡೀ ಮಳೆಗಾಲ ಅವನ ಜೊತೆ ಮಾತು ಬಿಟ್ಟಿದ್ದೆ. ಅವನಿಗೆ ಗೊತ್ತಾಗಲೇ ಇಲ್ಲವೇನೋ. ಇಷ್ಟು ಭಾಷೆ ಕಲಿತದ್ದಕ್ಕೆ, ಅವನು ಹೋಗುವ ಮುನ್ನ ಇದೊಂದನ್ನು ಕೇಳಿಯೇ ಬಿಡಬೇಕು: ನನ್ನ ಅಂಕಿಯ ಮೇಲೆ ನಿನಗೆ ಯಾಕೆ ನಂಬಿಕೆಯಿರಲಿಲ್ಲ?

"ಹೋಗುವ ಮುನ್ನ" ಎಂದು ಬರೆದಿದ್ದೇನೆ. ಹೊಡೆದು ಹಾಕಬೇಕು.

ಸೊಸೆ ನಡುವಿನ ಪರದೆಯನ್ನೂ ಬದಲಾಯಿಸಿದಳು. ಹಳೆಯದು ನೆಲದಿಂದ ಒಂದು ಗೇಣು ಗಿಡ್ಡವಿತ್ತು. ಹೊಲಿಗೆ ಅಂಗಡಿಯ ಪರದೆಯೇ ಗಿಡ್ಡ ಎಂದರೆ ಹಲ್ಲಿನ ಡಾಕ್ಟರಿಗೆ ಹಲ್ಲಿಲ್ಲದ ಹಾಗೆ. ಉದ್ದದ್ದು ಹಾಕಿಸೋಣ ಎಂದು ಆಗ ನಾನೂ ಹಟ ಹಿಡಿದಿದ್ದೆ. ಕತ್ತರಿ ಬಿಟ್ಟಿರಲಿಲ್ಲ. ಹೊಸದು ನೆಲ ಮುಟ್ಟುತ್ತದೆ, ತಿಳಿ ನೀಲಿ. ಚೆನ್ನಾಗಿದೆ.

ಫೆಬ್ರವರಿ ೧೮, ಮಂಗಳವಾರ

ಗೋಡೆಗೆ ತಿರುಗಿ ಮಲಗಿದ ಸಂಗತಿಯನ್ನು ಟೀಚರಮ್ಮನಿಗೆ ಹೇಳಿದೆ. ನಲವತ್ತು ವಾಕ್ಯದ ಹಾಳೆ ನೋಡಿ ಮೂರು ತಪ್ಪು ತಿದ್ದಿ, ಹಾಳೆಯನ್ನು ಮಡಚಿ ತನ್ನ ಚೀಲದಲ್ಲಿ ಇಟ್ಟುಕೊಂಡಳು.

"ಒಂದೇ ಪ್ರಶ್ನೆ ಕೇಳಿ. ಚಿಕ್ಕದು. ಆಮೇಲೆ ಕಾಯಿರಿ."

"ಎಷ್ಟು ಹೊತ್ತು?"

"ಅವರು ಉತ್ತರ ಕೊಡೋವರೆಗೆ."

"ಕೊಡದೇ ಇದ್ರೆ?"

"ಇನ್ನೂ ಸ್ವಲ್ಪ ಕಾಯಿರಿ ಅಮ್ಮ."

ಇಂಥ ಸಲಹೆಗೆ ಕ್ಲಾಸು ಬೇಕೆ? ಇದು ಸ್ಪ್ಯಾನಿಷ್ ಅಲ್ಲ, ಶಿಕ್ಷೆ.

ಫೆಬ್ರವರಿ ೨೦, ಗುರುವಾರ

ಕಾದೆ.

ಮಧ್ಯಾಹ್ನ ಅಂಗಡಿ ಮುಚ್ಚುವ ಹೊತ್ತಿಗೆ ಎರಡು ಲೋಟ ಚಹಾ ತೆಗೆದುಕೊಂಡು ಹೋದೆ. ಕಿಟಕಿಯ ಬಳಿ ಕೂತಿದ್ದ. "ಯಾರು ಹೊಲಿಯುತ್ತಿದ್ದರು?" ಎಂದು ಅವನ ಭಾಷೆಯಲ್ಲಿ ಕೇಳಿ ಬಾಯಿ ಮುಚ್ಚಿದೆ. ಬಾಯಿ ಮುಚ್ಚಿಕೊಂಡಾಗ ನಾಲಿಗೆಯನ್ನು ಎಲ್ಲಿಡಬೇಕು ಎಂಬುದೇ ನನಗೆ ತಿಳಿಯಲಿಲ್ಲ. ಗಡಿಯಾರ ನೋಡಿದೆ. ಒಂದು ನಿಮಿಷ. ಎದುರು ಮನೆಯ ಮಾಳಿಗೆಯಲ್ಲಿ ಒಣಗಿದ ಬಟ್ಟೆ ಎಣಿಸಿದೆ, ಹನ್ನೊಂದು. ಎರಡು ನಿಮಿಷ. ಒಂದು ಅಂಗಿಯ ತೋಳು ಉಲ್ಟಾ ಇತ್ತು, ಹೇಳೋಣವೆಂದರೆ ಹೇಳುವಂತಿಲ್ಲ. ನಾಲ್ಕನೆಯ ನಿಮಿಷಕ್ಕೆ ಅವನು ಲೋಟ ಕೆಳಗಿಟ್ಟ.

"ಅಮ್ಮ ಹೊಲಿಯುತ್ತಿದ್ದಳು," ಎಂದ. ಸ್ವಲ್ಪ ಬಿಟ್ಟು, "ಕೈಗವಸು."

ಮೂವತ್ತೊಂದು ವರ್ಷ ಒಂದೇ ಸೂರಿನಡಿ ದುಡಿದಿದ್ದೇವೆ. ಅವನ ತಾಯಿ ಕೈಗವಸು ಹೊಲಿಯುತ್ತಿದ್ದರು ಎಂಬುದು ನನಗೆ ಗೊತ್ತಿರಲಿಲ್ಲ. ಅವನು ಹೇಳಿರಲಿಲ್ಲ. ನಾನು ಕೇಳಿದ್ದೆನೇ? ಕೇಳಿರಲೇಬೇಕು, ನಾನು ಕೇಳದ ಪ್ರಶ್ನೆಯುಂಟೆ?

ಮಾತಿನ ಲೆಕ್ಕ: ನಾನು ಎರಡು. ಅವನು ಮೂರು. ಇದು ದಾಖಲೆ.

ಮಾರ್ಚ್ ೪, ಮಂಗಳವಾರ

ದಿನಾ ಒಂದು ಪ್ರಶ್ನೆ. ಎಲ್ಲಿ ವಾಸಿಸುತ್ತಿದ್ದೆ? ಯಾರ ಜೊತೆ ಆಡುತ್ತಿದ್ದೆ? ಏನು ಹಾಡುತ್ತಿದ್ದೆ? ಈ ಕೊನೆಯದನ್ನು ಕ್ಲಾಸಿನ ಅಭ್ಯಾಸಕ್ಕೆ ಕೇಳಿದೆ ಅಷ್ಟೆ. ಹಾಡಿಯೇ ಬಿಟ್ಟ. ಕೆಳಗೆ ಗಿರಾಕಿಯ ತೋಳಿನ ಉದ್ದ ಹಿಡಿದಿದ್ದ ಸೊಸೆ ಟೇಪು ಬಿಟ್ಟು ಮೇಲೆ ಓಡಿ ಬಂದಳು, ಏನೋ ಅನಾಹುತವಾಯಿತೆಂದು. ಗಂಟಲು ತುಕ್ಕು ಹಿಡಿದ ಮೆಷಿನ್ನು. ಆದರೂ ತಾಳ ತಪ್ಪಲಿಲ್ಲ.

ಲೆಕ್ಕ: ನಾನು ಎರಡು. ಅವನು ಅರವತ್ತೆರಡು, ಹಾಡು ಸೇರಿ.

ಮಾರ್ಚ್ ೧೧, ಮಂಗಳವಾರ

ಇವತ್ತು ಪ್ರಶ್ನೆ ಕೇಳುವ ಮುನ್ನವೇ ಶುರು ಮಾಡಿದ. ನಾನು ಅರ್ಧ ಹಿಡಿದೆ, ಅರ್ಧ ಪದಕೋಶ ಹಿಡಿಯಿತು.

ಐದು ಮಕ್ಕಳು, ಒಂದು ಕೋಣೆ. ತಾಯಿಯ ಹೊಲಿಗೆಯ ಮೇಜಿನ ಕೆಳಗೆ ಮಲಗುತ್ತಿದ್ದರು. ದೊರ್ಮೀಯಾಮೋಸ್, ಮಲಗುತ್ತಿದ್ದೆವು. ಹಗಲಲ್ಲೂ ಅಲ್ಲೇ ಕೂರುತ್ತಿದ್ದರು, ಬೇರೆ ಜಾಗವಿರಲಿಲ್ಲ. ಗಿರಾಕಿಗಳು ಬಂದರೆ ಮಕ್ಕಳಿಗೆ ಕಾಣುತ್ತಿದ್ದದ್ದು ಕಾಲು ಮಾತ್ರ. ತಾಯಿಗೆ ಕಾಸು ಕೊಡುವವರು ಯಾರು, ಚೌಕಾಸಿ ಮಾಡುವವರು ಯಾರು, ಸುಳ್ಳು ಹೇಳುವವರು ಯಾರು ಎಂದು ಅಣ್ಣತಮ್ಮಂದಿರು ಬೂಟು ನೋಡಿ ಪಂದ್ಯ ಕಟ್ಟುತ್ತಿದ್ದರಂತೆ. "ಮುಖಕ್ಕೆ ಸುಳ್ಳು ಹೇಳೋದು ಬರುತ್ತೆ. ಹಿಮ್ಮಡಿಗೆ ಬರಲ್ಲ," ಎಂದ.

ಒಂದು ಮಾತಿಗೆ ಇಷ್ಟು ಹೊತ್ತು ಕಾದರೂ ಕಾಲು ಜೋಮು ಹಿಡಿಯಲಿಲ್ಲ. ಚಹಾ ಆರಿತು, ಇಬ್ಬರೂ ಆರಿದ್ದನ್ನೇ ಕುಡಿದೆವು.

ಲೆಕ್ಕ: ಅವನದು ಇನ್ನೂರು ದಾಟಿರಬೇಕು. ನನ್ನದು ಬರೆಯಲು ನೆನಪಾಗಲಿಲ್ಲ.

ಮಾರ್ಚ್ ೧೬, ಭಾನುವಾರ

ಇವತ್ತಿನದನ್ನು ನಿಧಾನವಾಗಿ ಬರೆಯಬೇಕು.

ಪೋಸ್ಟ್‌ಮಾಸ್ಟರರ ಪ್ಯಾಂಟು ಮೊನ್ನೆ ವಾಪಸ್ಸು ಬಂದಿತ್ತು, ಅದೇ ಸೊಂಟ ಬಿಗಿ. ಅವರ ಹಳೆಯ ಅಳತೆ ನೋಡೋಣವೆಂದು ಕಪಾಟಿನಿಂದ ಹಿಂದಿನ ಅಳತೆ ಪುಸ್ತಕ ತೆಗೆದೆ. ಎಡ ಅಂಕಣದಲ್ಲಿ ನನ್ನ ದುಂಡು ಅಕ್ಷರ: ಸೊಂಟ ೩೪. ಬಲ ಅಂಕಣದಲ್ಲಿ ಇರುವೆ ಸಾಲಿನಂಥ ಕತ್ತರಿಯ ಬರಹ. ಬಟ್ಟೆಯ ವಿಚಾರ, ಅಸ್ತರಿನ ವಿಚಾರ ಇರಬೇಕು ಎಂದುಕೊಂಡು ಇಷ್ಟು ವರ್ಷ ನಾನು ಆ ಕಡೆ ಕಣ್ಣು ಹಾಯಿಸಿದವಳಲ್ಲ. ಇವತ್ತು ಕಣ್ಣು ತಾನಾಗಿ ಒಂದು ಪದದ ತುದಿಗೆ ಸಿಕ್ಕಿಕೊಂಡಿತು. ಆಬಾ. ಅದರ ಕೆಳಗೆ ಈಯಾ. ಮತ್ತೆ ಆಬಾ. ಪುಟ ತಿರುಗಿಸಿದೆ. ನನ್ನ ಎರಡು ಅಂಚುಗಳೇ ಪುಸ್ತಕದ ತುಂಬ.

ಪದಕೋಶ ತಂದು ಕೂತೆ. ಪೋಸ್ಟ್‌ಮಾಸ್ಟರರ ಎದುರು ಬರೆದದ್ದು ಇಷ್ಟು: "ಹಿಮ್ಮಡಿ ಎತ್ತುತ್ತಿದ್ದ. ಹೊಟ್ಟೆ ಎಳೆದುಕೊಳ್ಳುತ್ತಿದ್ದ. ಅವಳು ಮಾತಾಡುತ್ತಿದ್ದಳು. ಅವನು ಉಸಿರಾಡುತ್ತಿದ್ದ. ೩೫½."

ಮೂರು ಸಲ ಓದಿದೆ. ಮುಂದಿನ ಪುಟ, ದಿನಸಿ ಅಂಗಡಿಯವರು: ಹಿಮ್ಮಡಿ, ಅವಳು ಮಾತಾಡುತ್ತಿದ್ದಳು, ಉಸಿರಾಡುತ್ತಿದ್ದ, ಒಂದಿಂಚು ಹೆಚ್ಚು. ಬಸ್ ಕಂಡಕ್ಟರ್: ಅವಳು ಮಾತಾಡುತ್ತಿದ್ದಳು, ಅವನು ನಗುತ್ತಿದ್ದ, ಮುಕ್ಕಾಲು ಇಂಚು ಹೆಚ್ಚು.

ಟೇಪು ಸೊಂಟಕ್ಕೆ ಸುತ್ತಿದ ಕೂಡಲೇ ಗಂಡಸರು ಹೊಟ್ಟೆ ಒಳಗೆಳೆದುಕೊಳ್ಳುತ್ತಾರೆ, ಹೆಂಗಸರೂ ಅಷ್ಟೆ. ಎಳೆದುಕೊಂಡಾಗ ಹಿಮ್ಮಡಿ ತುಸು ಮೇಲೇಳುತ್ತದೆ. ನಾನು ಆ ಕ್ಷಣದ ಅಂಕಿಯನ್ನು ಕೂಗಿ, ಆಮೇಲೆ ತೋಳು, ಭುಜ ಹಿಡಿಯುತ್ತ ಏನೋ ಹರಟುತ್ತಿದ್ದೆ. ಅವರು ನಕ್ಕು ಉಸಿರು ಬಿಡುತ್ತಿದ್ದರು. ಹಿಮ್ಮಡಿ ನೆಲಕ್ಕಿಳಿಯುತ್ತಿತ್ತು. ಪರದೆಯ ಹಿಂದೆ ಗಿಡ್ಡ ಸ್ಟೂಲಿನ ಮೇಲೆ ಕೂತವನಿಗೆ ಆ ಒಂದು ಗೇಣು ಸಂದಿನಲ್ಲಿ ಬೂಟು ಕಾಣುತ್ತಿತ್ತು. ಎಷ್ಟು ಇಳಿಯಿತೋ ಅಷ್ಟು ಸೇರಿಸುತ್ತಿದ್ದ. ಬೆನ್ನುನೋವಿಗೆ ಗಿಡ್ಡ ಸ್ಟೂಲು ಎಂದುಕೊಂಡಿದ್ದೆನಲ್ಲ ನಾನು!

ನನ್ನ ಟೇಪು ಡೊಂಕಲ್ಲ. ನಿಂತವರು ಡೊಂಕು. ಅವನಿಗೆ ನನ್ನ ಅಂಕಿಯ ಮೇಲೆ ನಂಬಿಕೆಯಿರಲಿಲ್ಲ, ನನ್ನ ಬಾಯಿಯ ಮೇಲೆ ಇತ್ತು. ಮೂವತ್ತೊಂದು ವರ್ಷ ಅಂಗಡಿಯಲ್ಲಿ ಎರಡು ಅಳತೆಪಟ್ಟಿ ಇದ್ದವು, ಎರಡನೆಯದು ನನ್ನ ಹರಟೆ.

ಇಷ್ಟಕ್ಕೇ ನಿಲ್ಲಿಸಿದ್ದರೆ ಚೆನ್ನಾಗಿತ್ತು. ಲೆಕ್ಕದವಳ ಕೈ ಕೇಳಬೇಕಲ್ಲ, ಒಂಬತ್ತು ವರ್ಷ ಹಿಂದಿನ ಪುಸ್ತಕವನ್ನೂ ತೆಗೆದೆ. ನಮ್ಮನೆಯವರು ತೀರಿಹೋದ ತಿಂಗಳು. ಹತ್ತನೆಯ ದಿನಕ್ಕೇ ಅಂಗಡಿಗೆ ಬಂದು ಟೇಪು ಹಿಡಿದಿದ್ದೆ, ಮನೆಯಲ್ಲಿ ಕೂರಲಾಗದೆ. ಎಡ ಅಂಕಣದಲ್ಲಿ ನನ್ನ ಅಂಕಿಗಳಿವೆ. ಬಲ ಅಂಕಣದಲ್ಲಿ ಗಿರಾಕಿಯ ಮೇಲೆ ಗಿರಾಕಿ, ಪುಟದ ಮೇಲೆ ಪುಟ, ಒಂದೇ ಬರಹ: "ಅವಳು ಮಾತಾಡುತ್ತಿರಲಿಲ್ಲ. ಎಸ್ಪೆರಾಬಾ." ಅಂಕಿ ಇಲ್ಲ. ಆ ತಿಂಗಳು ಒಂದು ಪ್ಯಾಂಟೂ ಹೊತ್ತಿಗೆ ಸಿದ್ಧವಾಗಿರಲಿಲ್ಲ. ಟ್ರಯಲ್ಲಿಗೆ ಎಂದು ಜನರನ್ನು ಎರಡೆರಡು ಸಲ ಕರೆಸುತ್ತಿದ್ದ. ನಾನು ಸೋಮಾರಿ ಎಂದು ಬೈದಿದ್ದೆ. ಹ್ಞೂ ಎಂದಿದ್ದ.

ಎಸ್ಪೆರಾಬಾ ಎಂದರೆ ಕಾಯುತ್ತಿದ್ದೆ, ಅಥವಾ ಕಾಯುತ್ತಿದ್ದಳು. ಅವನೋ ನಾನೋ, ಆ ಭಾಷೆ ಹೇಳುವುದಿಲ್ಲ. ಮೊದಲು ಇದನ್ನು ಕೆಲಸಗಳ್ಳತನ ಎಂದಿದ್ದೆ. ಈಗ ಸುಮ್ಮನಿದ್ದೇನೆ.

ಮಾರ್ಚ್ ೧೭, ಸೋಮವಾರ

ನೀಲಿ ಪರದೆ ತೆಗೆಸಿ ಹಳೆಯದನ್ನೇ ಹಾಕಿಸಿದೆ. "ನಿಮಗೇನು ಅರವತ್ತರ ಅರಳುಮರಳಾ ಅತ್ತೆ?" ಎಂದಳು ಸೊಸೆ. ಪುಸ್ತಕ ತೆರೆದು ತೋರಿಸಿದೆ, ಓದಿ ಅರ್ಥ ಹೇಳಿದೆ. ಅವಳು ಪರದೆಯ ಹಿಂದೆ ಹೋಗಿ ಗಿಡ್ಡ ಸ್ಟೂಲಿನ ಮೇಲೆ ಕೂತು ನನ್ನ ಚಪ್ಪಲಿ ನೋಡಿದಳು.

"ಅತ್ತೆ, ನೀವು ಈಗ ಅಳ್ತಿದ್ದೀರಾ?"

"ಇಲ್ಲ."

"ಹಿಮ್ಮಡಿ ಹೌದು ಅಂತಿದೆ."

ಕೆಟ್ಟ ವಿದ್ಯೆಯನ್ನು ಬೇಗ ಕಲಿಯುತ್ತಾಳೆ.

ಮಾರ್ಚ್ ೨೫, ಮಂಗಳವಾರ

ಕತ್ತರಿ ದಿನಕ್ಕೊಂದು ಗಂಟೆ ಕೆಳಗಿಳಿದು ಬರುತ್ತಿದ್ದಾನೆ. ಮೆಟ್ಟಿಲು ಹದಿನಾಲ್ಕು, ಇಳಿಯಲು ಒಂಬತ್ತು ನಿಮಿಷ. ಎಡಗೈಯಲ್ಲಿ ಗೆರೆ ಎಳೆಯುತ್ತಾನೆ, ಸೊಸೆ ಕತ್ತರಿಸುತ್ತಾಳೆ. ಗೆರೆ ಅಂಕುಡೊಂಕು, ಅಳತೆ ನೇರ. ಈ ವಾರ ಒಂದು ಪ್ಯಾಂಟೂ ವಾಪಸ್ಸು ಬಂದಿಲ್ಲ.

ಏಪ್ರಿಲ್ ೫, ಶನಿವಾರ

ನಾಳೆ ಅವನ ತಮ್ಮನ ಮಗಳು ಬರುತ್ತಾಳೆ.

ಭಾಷಣ ಸಿದ್ಧ ಮಾಡಿದ್ದೇನೆ, ಐವತ್ತೆಂಟು ವಾಕ್ಯ, ಅವನ ಭಾಷೆಯಲ್ಲಿ. ನಾವು ಹೇಗೆ ದುಡಿಯುತ್ತಿದ್ದೆವು, ಅವನು ಹೇಗೆ ಮೌನವಾಗಿರುತ್ತಿದ್ದ, ಈಗ ಹೇಗೆ ಹಾಡುತ್ತಾನೆ. ಟೀಚರಮ್ಮ ತಿದ್ದಿಕೊಟ್ಟಳು. ಎಂಥ ಗಿರಾಕಿಯನ್ನೂ ಮಾತಲ್ಲಿ ಕಟ್ಟಿ ಹಾಕಿದವಳು, ಒಬ್ಬ ಹುಡುಗಿಯನ್ನು ಒಪ್ಪಿಸಲಾರೆನೆ? ಅವನನ್ನು ಕಳಿಸಿ ಈ ಅಂಗಡಿಯಲ್ಲಿ ನಾನು ಯಾರ ಜೊತೆ ಸುಮ್ಮನಿರಲಿ?

ಈ ಕೊನೆಯ ವಾಕ್ಯ ತಪ್ಪಾಗಿ ಬಂತು. ಯಾರ ಜೊತೆ ಮಾತಾಡಲಿ ಎಂದಾಗಬೇಕು.

ಏಪ್ರಿಲ್ ೬, ಭಾನುವಾರ

ಹನ್ನೊಂದಕ್ಕೆ ಬಂದಳು. ಎತ್ತರದ ಹುಡುಗಿ, ಕೈಯಲ್ಲಿ ಕಾಗದದ ಕಟ್ಟು. ಆ ವೃದ್ಧರ ಮನೆಯ ಅರ್ಜಿ, ಮೇಲೆ ಪೆನ್ನೂ ಸಿಕ್ಕಿಸಿತ್ತು. ಬಸ್ಸು ಎರಡೂವರೆಗಂತೆ. ಕತ್ತರಿ ಕೆಳಗೆ ಮೇಜಿನ ಬಳಿ ಕೂತಿದ್ದ. ಅವನ ಎರಡು ಚೀಲವನ್ನು ಸೊಸೆ ಮೆಟ್ಟಿಲ ಕೆಳಗೆ ತಂದಿಟ್ಟಿದ್ದಳು, ನನ್ನ ಮುಖ ನೋಡದೆ.

ನಾನು ಭಾಷಣದ ಹಾಳೆ ಬಿಡಿಸಿದೆ. ಮೊದಲ ವಾಕ್ಯ ನಾಲಿಗೆಯ ತುದಿಯಲ್ಲಿತ್ತು. ಅಷ್ಟರಲ್ಲಿ ಕತ್ತರಿಯ ತುಟಿ ಅಲುಗಿತು. ಹಾಳೆ ಮಡಚಿದೆ. ಅದು ಅಷ್ಟೇನೂ ಚೆನ್ನಾಗಿ ಬಂದಿರಲಿಲ್ಲ.

ಅವಳು ಬಗ್ಗಿ ಅವರ ಭಾಷೆಯಲ್ಲಿ ಕೇಳಿದಳು: "ದೊಡ್ಡಪ್ಪ, ಹೊರಡೋಣವಾ? ಅಲ್ಲಿ ನಿಮ್ಮ ಜೊತೆ ಮಾತಾಡೋಕೆ ಜನ ಇದ್ದಾರೆ."

ನಾನು ಗಡಿಯಾರ ನೋಡಿದೆ. ಒಂದು ನಿಮಿಷ. ಅವಳು ಮತ್ತೆ ಬಾಯಿ ತೆರೆಯಲು ಹೋದಳು. ನಾನು ಅವಳ ಮೊಣಕೈ ಮುಟ್ಟಿ "ಇರು" ಎಂದೆ. ಎರಡು ನಿಮಿಷ. ಅವಳು ನನ್ನನ್ನೇ ನೋಡಿದಳು, ಬೇರೆ ಯಾರನ್ನೋ ನೋಡುವ ಹಾಗೆ. ಮೂರನೆಯ ನಿಮಿಷ ಸೊಸೆ ಇಸ್ತ್ರಿಪೆಟ್ಟಿಗೆಯ ಸ್ವಿಚ್ಚು ಆರಿಸಿದಳು.

ಅವನು ಹೇಳಿದ್ದನ್ನು ನನಗೆ ತಿಳಿದಷ್ಟು ಬರೆಯುತ್ತೇನೆ. "ಅವಳು ಮಾತಾಡುತ್ತಿದ್ದಳು. ನಾನು ಕತ್ತರಿಸುತ್ತಿದ್ದೆ. ಜನ ಹಲಗೆಯ ಹಾಗೆ ಬರುತ್ತಿದ್ದರು, ಮನುಷ್ಯರ ಹಾಗೆ ಹೋಗುತ್ತಿದ್ದರು." ಆಮೇಲೆ ಅವಳ ಕೋಟಿನ ಭುಜದ ಕಡೆ ಎಡಗೈ ಬೆರಳು ತೋರಿಸಿದ. "ಇದನ್ನ ಕತ್ತರಿಸಿದವನು ಯಾರು? ಅಳುತ್ತಿದೆ."

"ಅಂಗಡಿಯಲ್ಲಿ ರೆಡಿ ತಗೊಂಡದ್ದು ದೊಡ್ಡಪ್ಪ."

"ನಿಲ್ಲು," ಎಂದ. "ಅಲ್ಲಿ. ಮುಂದುಗಡೆ."

ಎದ್ದು ಪರದೆಯ ಹಿಂದೆ ಹೋದ. ಮೂರು ಹೆಜ್ಜೆಗೆ ಎಷ್ಟು ಹೊತ್ತು ಹಿಡಿಯಿತೆಂದು ನಾನು ಗಡಿಯಾರ ನೋಡಲಿಲ್ಲ. ಸ್ಟೂಲು ಕಿರ್ರೆಂದದ್ದು ಕೇಳಿಸಿತು. ಹುಡುಗಿ ಕನ್ನಡಿಯ ಮುಂದೆ ನಿಂತಳು, ಕೋಟು ಬಿಚ್ಚಿ. ನಾನು ಟೇಪು ಸುತ್ತಿದೆ. ಉಸಿರು ಹಿಡಿದಳು, ಎಲ್ಲರಂತೆ. ನಾನು ಅಂಕಿ ಕೂಗಿದೆ. ಪರದೆಯ ಹಿಂದಿನಿಂದ ಗಂಟಲು ಸರಿಪಡಿಸಿಕೊಳ್ಳುವ ಸದ್ದು. ಮಾತಾಡು ಎಂದು ಅರ್ಥ.

ಮೂವತ್ತೊಂದು ವರ್ಷದಲ್ಲಿ ಮೊದಲ ಬಾರಿಗೆ ಒಬ್ಬರು ನನಗೆ ಮಾತಾಡು ಎಂದರು.

ಅವರ ಭಾಷೆಯಲ್ಲೇ ಹೇಳಿದೆ. ನನ್ನ ಮೊದಲ ಕೋಟಿಗೆ ನಾನು ಗುಂಡಿಗಳನ್ನು ಬೆನ್ನಿನ ಕಡೆ ಹಚ್ಚುತ್ತಿದ್ದೆ. ಗಿರಾಕಿ ಮರ್ಯಾದಸ್ಥ, ನನ್ನ ಮನಸ್ಸು ನೋಯಬಾರದೆಂದು ಹಿಂದುಮುಂದಾಗಿ ಹಾಕಿಕೊಂಡು ಹೋಗುತ್ತಿದ್ದ, ಬೀದಿಯಲ್ಲಿ ಜನ ಅವನು ಬರುತ್ತಿದ್ದಾನೋ ಹೋಗುತ್ತಿದ್ದಾನೋ ಎಂದು ಜಗಳವಾಡುತ್ತಿದ್ದರು.

"ದಿನಾನಾ ಆಂಟಿ? ಒಂದೇ ಕೋಟಿಗೆ ದಿನಾ ಗುಂಡಿ ಹಚ್ಚುತ್ತಿದ್ರಾ?"

"ನನಗೆ ಗೊತ್ತಿರೋ ಹಳೇ ಕಾಲ ಇದೊಂದೇ ಕಣಮ್ಮ. ಹಾಗಾಗಿ ದಿನಾ ಹಚ್ಚುತ್ತಿದ್ದೆ."

ನಕ್ಕಳು. ಹೊಟ್ಟೆ ಹಿಡಿದುಕೊಂಡು ನಕ್ಕಳು. ಹಿಮ್ಮಡಿ ನೆಲಕ್ಕಿಳಿಯಿತು, ನಾನೇ ಕಂಡೆ. ಪರದೆಯ ಹಿಂದಿನಿಂದ ಕತ್ತರಿಯ ದನಿ, ಒಂದಿಂಚು ಹೆಚ್ಚಿಗೆ.

ಆಮೇಲೆ ಎಲ್ಲರೂ ಚಹಾ ಕುಡಿದೆವು. ಅವನು ಅವಳಿಗೆ ಮೇಜಿನ ಕೆಳಗಿನ ಐದು ಮಕ್ಕಳ ಕಥೆ ಹೇಳಿದ. ಅವರಲ್ಲಿ ಒಬ್ಬ ಅವಳ ತಂದೆ. ಅವಳಿಗೂ ಅದು ಗೊತ್ತಿರಲಿಲ್ಲ. ಕಾಗದದ ಕಟ್ಟು ಮೇ‌ಜಿನ ಮೇಲೇ ಇತ್ತು, ಅದರ ಮೇಲೆ ಕತ್ತರಿ ತನ್ನ ಚಹಾ ಲೋಟ ಇಟ್ಟ. ದುಂಡನೆ ಕಲೆಯಾಯಿತು. ಅವಳು ಒರೆಸಲಿಲ್ಲ.

ಎರಡು ಗಂಟೆಗೆ ಕೋಟು ಹಾಕಿಕೊಂಡಳು. ಮೆಟ್ಟಿಲ ಕೆಳಗಿನ ಚೀಲಗಳನ್ನು ನೋಡಿದಳು. ನಾನು ಏನೂ ಕೇಳಲಿಲ್ಲ. ಕೇಳಿದರೆ ಎಲ್ಲಿ ಉತ್ತರ ಬಂದುಬಿಡುತ್ತದೋ ಎಂದು. ಬಾಗಿಲಲ್ಲಿ ನಿಂತು ಅವಳೇ ಕೇಳಿದಳು, ನಮ್ಮ ಭಾಷೆಯಲ್ಲಿ, ನನ್ನನ್ನಲ್ಲ, ಅವನನ್ನು.

"ದೊಡ್ಡಪ್ಪ, ಟ್ರಯಲ್‌ಗೆ ಯಾವತ್ತು ಬರ್ಲಿ?"

ಅವನು ಎಡಗೈಯ ಮೂರು ಬೆರಳು ತೋರಿಸಿದ. ಮೂರು ವಾರ. ಸೊಸೆ ಎರಡೂ ಚೀಲ ಎತ್ತಿಕೊಂಡು ಧಡಧಡ ಮೆಟ್ಟಿಲು ಹತ್ತಿದಳು.

ಏಪ್ರಿಲ್ ೮, ಮಂಗಳವಾರ

ಕ್ಲಾಸಿನಲ್ಲಿ ಶುಕ್ರವಾರದಿಂದ ಬೇರೆ ಭೂತಕಾಲವಂತೆ, ಮುಗಿದು ಬಾಗಿಲು ಹಾಕಿದ ಕೆಲಸಗಳದ್ದು. ಅದರಲ್ಲಿ ಪುಂಡರು ಎಣಿಕೆಗೇ ಸಿಗುವುದಿಲ್ಲವಂತೆ. ನನಗೇನೂ ಅವಸರವಿಲ್ಲ ಎಂದು ಟೀಚರಮ್ಮನಿಗೆ ಹೇಳಿದೆ.

ಬೆಳಿಗ್ಗೆ ಪೋಸ್ಟ್‌ಮಾಸ್ಟರರು ಬಂದಿದ್ದರು, ಹೊಸ ಪ್ಯಾಂಟಿಗೆ. ಟೇಪು ಸುತ್ತಿದೆ, ಹೊಟ್ಟೆ ಎಳೆದುಕೊಂಡರು, ಅಂಕಿ ಕೂಗಿದೆ. ಬೀದಿಯ ಸುದ್ದಿ ಹೇಳತೊಡಗಿದೆ. ಅವರು ನಕ್ಕರು. ನಡುವೆ ಒಂದು ಮಾತಿಗೆ ಮತ್ತೊಂದು ಮಾತು ತಕ್ಷಣ ಸಿಗಲಿಲ್ಲ, ಅಥವಾ ನಾನೇ ತಡೆದೆ, ಗೊತ್ತಿಲ್ಲ. ಆ ಸಂದಿನಲ್ಲಿ ಪರದೆಯ ಹಿಂದಿನಿಂದ ಒಂದು ಸದ್ದು ಕೇಳಿಸಿತು. ಸರ್ ಸರ್ ಸರ್ ಎಂದು, ಒಣ ಎಲೆಯ ಮೇಲೆ ಇರುವೆ ನಡೆದ ಹಾಗೆ. ಅವನ ಪೆನ್ಸಿಲು.

ಅದಕ್ಕೆ ಸದ್ದಿದೆ ಎಂದು ನನಗೆ ಗೊತ್ತೇ ಇರಲಿಲ್ಲ.